ಉರಾಗಾಮಿ ಮೇಷ್ಟರ ತುತ್ತೂರಿ

ಶಿಯೊಹಾಮಾದಲ್ಲಿ ಕಾರು ಓಡಿಸುವವರಲ್ಲಿ ಅರ್ಧ ಜನ ಉರಾಗಾಮಿ ಮೇಷ್ಟರ ಶಿಷ್ಯರು. ಬಂದರಿನ ಹಿಂದಿನ ಡ್ರೈವಿಂಗ್ ಸ್ಕೂಲಿನಲ್ಲಿ ಅವರು ಆಯುಷ್ಯವಿಡೀ ಪಕ್ಕದ ಸೀಟಿನಲ್ಲಿ ಕೂತು ಕಳೆದವರು. ಆ ಸೀಟಿನ ಕೆಳಗೆ ಮೇಷ್ಟರಿಗೆಂದೇ ಇನ್ನೊಂದು ಬ್ರೇಕು ಇರುತ್ತದೆ. ಶಿಷ್ಯರು ತಪ್ಪಿದಾಗ ಅವರ ಬಲಗಾಲು ಅದನ್ನು ಒತ್ತುತ್ತದೆ, ಬಾಯಿ ಮಾತ್ರ ಯಾರನ್ನೂ ಬೈದದ್ದಿಲ್ಲ. ನಾನು ಪರೀಕ್ಷೆಯಲ್ಲಿ ಮತ್ತೆ ಮತ್ತೆ ಫೇಲಾದವಳು. ಪ್ರತಿ ಸಲವೂ ಅವರು ಹೇಳಿದ್ದು ಒಂದೇ ಮಾತು: "ಪರವಾಗಿಲ್ಲ ಕಿನು ಅಕ್ಕ, ರಸ್ತೆ ಎಲ್ಲೂ ಓಡಿ ಹೋಗಲ್ಲ."

ಕಿನು ಎಂದರೆ ನಾನು, ಕಿನುಯೆ. ಬೇಸ್‌ಬಾಲ್ ಮೈದಾನದ ಹಿಂದಿನ ಗಲ್ಲಿಯಲ್ಲಿ ಕಾವಲಿ ಅಂಗಡಿ ಇಟ್ಟುಕೊಂಡಿದ್ದೇನೆ. ಎಲೆಕೋಸು, ಹಿಟ್ಟು, ಮೊಟ್ಟೆ ಕಲಸಿ ದಪ್ಪ ರೊಟ್ಟಿ ಬೇಯಿಸಿ ಕೊಡುವುದು ನನ್ನ ಕಸುಬು. ಆಟ ಇರುವ ದಿನ ಅಂಗಡಿಗೆ ಬೀಗ. "ಅವತ್ತೇ ವ್ಯಾಪಾರ ಜಾಸ್ತಿ, ಅವತ್ತೇ ಬೀಗ ಹಾಕ್ತೀಯಲ್ಲೇ" ಎಂದು ನನ್ನ ಗಂಡ ಸಾಯುವವರೆಗೂ ಗೊಣಗಿದ. ಅವನು ಗೊಣಗಲಿ, ನಾನು ಹೋಗುತ್ತಿದ್ದೆ. ಬಲಗಡೆಯ ಗ್ಯಾಲರಿಯಲ್ಲಿ ಕೂತು ತಂಡವನ್ನು ಹುರಿದುಂಬಿಸುವ ನಮ್ಮ ಬೆಳ್ಳಕ್ಕಿ ದಂಡಿನ ಡೋಲು ನನ್ನದು, ತುತ್ತೂರಿ ಉರಾಗಾಮಿ ಮೇಷ್ಟರದು.

ತಂಡದ ಹೆಸರು ಶಿಯೊಹಾಮಾ ಹೆರನ್ಸ್. ಅಂಗಿಯ ಮೇಲೆ ಹಾಗೆ ಬರೆದಿರುತ್ತದೆ, ನಮ್ಮ ಬಾಯಲ್ಲಿ ಮಾತ್ರ ಬೆಳ್ಳಕ್ಕಿಗಳು. ಗೆದ್ದಾಗ ಬೆಳ್ಳಕ್ಕಿ, ಸೋತಾಗ ಒದ್ದೆ ಕೋಳಿ.

ಮೇಷ್ಟರನ್ನು ಸ್ಕೂಲಿನಲ್ಲಿ ಕಂಡವರು ಗ್ಯಾಲರಿಯಲ್ಲಿ ಕಂಡರೆ ಗುರುತೇ ಹಿಡಿಯುತ್ತಿರಲಿಲ್ಲ. ಕೆನ್ನೆ ಉಬ್ಬಿಸಿ, ಕಣ್ಣು ಕೆಂಪಗೆ ಮಾಡಿಕೊಂಡು ಊದುವರು. ಒಂದೇ ಒಂದು ಅಭ್ಯಾಸ ಮಾತ್ರ ಸ್ಕೂಲಿನಿಂದ ಅವರ ಜೊತೆಗೇ ಬಂದಿತ್ತು. ನಮ್ಮವರು ಯಾರಾದರೂ ಚೆಂಡು ಹೊಡೆದು ಓಡತೊಡಗಿದರೆ ಮೇಷ್ಟರ ಬಲಗಾಲು ಕೆಳಗಿನ ಕಾಂಕ್ರೀಟನ್ನು ಒತ್ತಿ ಹಿಡಿಯುತ್ತಿತ್ತು. ನಮ್ಮ ದಂಡಿನ ಯಜಮಾನ ಬಂದೊ, ಮೀನು ಮಾರುಕಟ್ಟೆಯಲ್ಲಿ ಪೆಟ್ಟಿಗೆ ಎತ್ತುವ ಗಾಡಿ ಓಡಿಸುವವನು, ಇದನ್ನೇ ಹಿಡಿದು ಕಾಡುತ್ತಿದ್ದ. "ಮೇಷ್ಟ್ರೇ, ಬ್ರೇಕ್ ಬಿಡ್ರೀ! ನೀವು ಒತ್ತೋದ್ರಿಂದ್ಲೇ ನಮ್ಮೋರು ಔಟಾಗೋದು!" ಮೇಷ್ಟರು ನಾಚಿಕೊಂಡು ಕಾಲು ಎತ್ತುವರು. ಮುಂದಿನವನು ಓಡಿದರೆ ಕಾಲು ಮತ್ತೆ ಒತ್ತುವುದು.

ನಮ್ಮಲ್ಲಿ ಪ್ರತಿ ಆಟಗಾರನಿಗೂ ಅವನದೇ ಒಂದು ಹಾಡು ಇರುತ್ತದೆ. ಅವನು ಬ್ಯಾಟು ಹಿಡಿದು ಬಂದ ಕೂಡಲೇ ತುತ್ತೂರಿ ಶುರು, ಅವನು ಹೋಗುವ ತನಕ ಅದೇ ಹಾಡು. ಎದುರು ತಂಡ ಬ್ಯಾಟು ಹಿಡಿದಾಗ ನಾವು ಬಾಯಿ ಮುಚ್ಚಿಕೊಂಡಿರಬೇಕು, ಅದು ಎಡಗಡೆ ಗ್ಯಾಲರಿಯಲ್ಲಿ ಕೂತ ಅವರ ಜನರ ಸರದಿ. ಹಾಡು ಕಟ್ಟುವುದು ದಂಡಿನ ಕೆಲಸ. ಮೇಷ್ಟರು ತಮ್ಮ ಜನ್ಮದಲ್ಲಿ ಕಟ್ಟಿದ್ದು ಒಂದೇ ಹಾಡು, ಅದು ತಾನೆಮುರಾನದು.

ತಾನೆಮುರಾ ಬೆಟ್ಟದ ಊರಿನ ಹುಡುಗ. ಶಾಲೆ ಮುಗಿಸಿ ನೇರ ತಂಡಕ್ಕೆ ಬಂದವನು, ಬಿಡುವಿನಲ್ಲಿ ಲೈಸೆನ್ಸ್ ಮಾಡಿಸಿಕೊಳ್ಳಲು ಮೇಷ್ಟರ ಪಕ್ಕ ಕೂತ. ಅವನ ಊರಿನಲ್ಲಿ ಒಂದು ಸಿಗ್ನಲ್ಲೂ ಇರಲಿಲ್ಲವಂತೆ. ಅಡ್ಡರಸ್ತೆ ಬಂದರೆ ಒಂದೋ ಕಣ್ಣು ಮುಚ್ಚಿ ನುಗ್ಗುವನು, ಇಲ್ಲವೇ ನಿಂತಲ್ಲೇ ಬೇರು ಬಿಡುವನು. ಮೇಷ್ಟರು ಅವನ ತಲೆಯಲ್ಲಿ ಒಂದೇ ಮಂತ್ರ ತುಂಬಿದರು: ಬಲಕ್ಕೆ ನೋಡಿ, ಎಡಕ್ಕೆ ನೋಡಿ, ಮತ್ತೆ ಬಲಕ್ಕೆ ನೋಡಿ, ಈಗ ಹೋಗಿ. ಮುಂದಿನ ವರ್ಷ ಅವನು ಮೊದಲ ಸಲ ದೊಡ್ಡ ಆಟದಲ್ಲಿ ಬ್ಯಾಟು ಹಿಡಿದು ಬಂದಾಗ ಇಡೀ ಮೈದಾನದ ಮುಂದೆ ಬಲಕ್ಕೆ ನೋಡಿದ, ಎಡಕ್ಕೆ ನೋಡಿದ, ಮತ್ತೆ ಬಲಕ್ಕೆ ನೋಡಿದ. ಮೇಷ್ಟರು ನಕ್ಕು ನಕ್ಕು ಬೆಂಚಿನಿಂದ ಜಾರಿದರು. ಆ ವಾರವೇ ಹಾಡು ತಯಾರಾಯಿತು:

ಬಲಕ್ಕೆ ನೋಡು, ಎಡಕ್ಕೆ ನೋಡು,
ಮತ್ತೆ ಬಲಕ್ಕೆ ನೋಡು,
ದಾರಿ ಖಾಲಿ, ತಾನೆಮುರಾ,
ಈಗ ಓಡು, ಓಡು!

ಕೊನೆಯ "ಓಡು" ಮೇಲಕ್ಕೆ ಹತ್ತಿ ಅಲ್ಲೇ ನಿಲ್ಲಬೇಕು. ಉಸಿರಿಲ್ಲದವರಿಗೆ ಅದು ಬರುವುದಿಲ್ಲ. ತಾನೆಮುರಾ ಅಂಥ ದೊಡ್ಡ ಆಟಗಾರನೇನೂ ಆಗಲಿಲ್ಲ. ಕಾಲು ಚುರುಕು, ಬ್ಯಾಟು ಮೊಂಡು. ಯಾರಿಗಾದರೂ ಕಾಲುಳುಕಿದರೆ ಇವನು, ಯಾರಿಗಾದರೂ ಹೊಟ್ಟೆ ಕೆಟ್ಟರೆ ಇವನು. ಹಾಗೇ ಸವೆದು ಸವೆದು ತಂಡದ ಹಿರಿಯನಾದ. ಆದರೆ ಹಾಡು ಮಾತ್ರ ಊರಿನ ಬಾಯಲ್ಲಿ ನಿಂತಿತು. ಪುಟ್ಟ ಮಕ್ಕಳನ್ನು ಶಾಲೆಗೆ ಕರೆದೊಯ್ಯುವ ತಾಯಂದಿರು ರಸ್ತೆ ದಾಟುವಾಗ ಅದನ್ನೇ ಹಾಡುತ್ತಿದ್ದರು. ಅವನೂ ಪ್ರತಿ ಸಲ ಬ್ಯಾಟು ಹಿಡಿದಾಗ ಅದೇ ರೀತಿ ಬಲ, ಎಡ, ಬಲ ನೋಡುವನು. ಅವನು ಎರಡನೇ ಸಲ ಬಲಕ್ಕೆ, ಅಂದರೆ ನಮ್ಮ ಕಡೆ, ತಿರುಗಿದಾಗ ಮೇಷ್ಟರು ಶುರುಮಾಡುವರು. ಅದು ಅವರಿಬ್ಬರ ಲೆಕ್ಕಾಚಾರ.

ಈ ವರ್ಷ ಆಗಸ್ಟಿನವರೆಗೆ ನಾವು ಎರಡನೇ ಸ್ಥಾನದಲ್ಲಿದ್ದೆವು. ಹಿರಿಯರ ಹಬ್ಬ ಬಂತು. ದೀಪಗಳನ್ನು ನೀರಿಗೆ ಬಿಟ್ಟು ಹಿರಿಯರನ್ನು ಕಳಿಸಿಕೊಟ್ಟೆವು. ಜೊತೆಗೆ ಬೆಳ್ಳಕ್ಕಿಗಳ ಅದೃಷ್ಟವನ್ನೂ ಕಳಿಸಿಕೊಟ್ಟೆವೋ ಏನೋ, ಮರುದಿನದಿಂದ ಸೋಲು. ಮೊದಲಿಗೆ ಒಂದೊಂದು ರನ್ನಿನಲ್ಲಿ ಸೋತರು, ಆಮೇಲೆ ಅದಕ್ಕೂ ನಾಚಿಕೆ ಬಿಟ್ಟು ರಾಶಿ ರಾಶಿಯಾಗಿ ಸೋತರು.

ಮೊದಮೊದಲು ನಮಗೆ ಕೋಪ ಬರುತ್ತಿತ್ತು. ಬಂದೊ ಬೇಲಿ ಹಿಡಿದು ಅರಚುವನು: "ಏಯ್ ಕೋಚು, ಪಿಚರ್‌ನ ಬದ್ಲಾಯ್ಸು, ಇಲ್ಲ ನೀನೇ ಬದ್ಲಾಗು!" ನಾನೂ ಸುಮ್ಮನಿರುವವಳಲ್ಲ. "ಕಣ್ಣು ಬಿಟ್ಕೊಂಡು ಚೆಂಡು ನೋಡೋ, ನಿಮ್ಮಜ್ಜಿ ಇದಕ್ಕಿಂತ ಚೆನ್ನಾಗಿ ಸೌಟು ಬೀಸ್ತಾಳೆ!" ಎಂದು ನಾನು ಕೂಗಿದ್ದು ಟೀವಿಯಲ್ಲೂ ಕೇಳಿಸಿತಂತೆ. ಆಮೇಲೆ ಹರಕೆ, ಶಕುನ. ಬಂದೊ ಗಡ್ಡ ಬಿಟ್ಟ. ಬಾವುಟ ಹಿಡಿಯುವ ಅಂಚೆ ಕಚೇರಿಯವರೊಬ್ಬರು ಗೆಲ್ಲುವ ತನಕ ಕಾಲುಚೀಲ ಒಗೆಯುವುದಿಲ್ಲ ಎಂದರು. ಅವರ ಸುತ್ತಲಿನ ಸೀಟುಗಳು ಖಾಲಿಯಾದವು, ತಂಡ ಮಾತ್ರ ಗೆಲ್ಲಲಿಲ್ಲ.

ಅದೂ ಮುಗಿದ ಮೇಲೆ ಏನೂ ಉಳಿಯಲಿಲ್ಲ. ಇದನ್ನು ಹೇಗೆ ಹೇಳುವುದೋ ಗೊತ್ತಿಲ್ಲ. ಸೋಲು ಬೇಸರ ತರುವುದನ್ನೂ ನಿಲ್ಲಿಸಿತು. ಎದುರು ತಂಡದವನು ಚೆಂಡನ್ನು ನಮ್ಮ ತಲೆಯ ಮೇಲೆ ಹಾರಿಸಿದರೆ ನಾವು ಅದು ಬಿದ್ದ ಕಡೆ ನೋಡುತ್ತಿರಲಿಲ್ಲ. ಅನ್ನದುಂಡೆಯ ಕಾಗದ ಬಿಚ್ಚುತ್ತಿದ್ದೆವು, ತಿನ್ನುತ್ತಿದ್ದೆವು. ಉಪ್ಪಿದೆಯೋ ಇಲ್ಲವೋ ನಾಲಿಗೆಗೆ ತಿಳಿಯುತ್ತಿರಲಿಲ್ಲ. ನನ್ನ ಕೈ ತಾನಾಗಿ ಡೋಲು ಬಡಿಯುತ್ತಿತ್ತು, ಮೇಷ್ಟರ ಬಾಯಿ ತಾನಾಗಿ ಊದುತ್ತಿತ್ತು. ಕಾಲು ಬ್ರೇಕು ಒತ್ತುವುದನ್ನೂ ಬಿಟ್ಟಿತ್ತು. ನಮ್ಮವರು ಓಡಿದರೆ ತಾನೇ ಒತ್ತುವುದು!

ಸ್ಕೂಲಿನಲ್ಲೂ ಅದೇ ಕತೆ. ಒಂದು ದಿನ ಒಬ್ಬ ಹುಡುಗಿಗೆ ಅಭ್ಯಾಸದ ರಸ್ತೆಯಲ್ಲಿ ಪಾಠ ಹೇಳುತ್ತಿದ್ದವರು ತಿರುಗಲು ಹೇಳುವುದನ್ನೇ ಮರೆತರಂತೆ. ಪಾಪ, ಅವರು ಹೇಳದೆ ತಿರುಗುವುದು ಹೇಗೆಂದು ಅವಳು ಸುತ್ತು ಹೊಡೆಯುತ್ತಲೇ ಇದ್ದಳಂತೆ. ಕೊನೆಗೆ ಅಳುಮೋರೆ ಮಾಡಿ, "ಮೇಷ್ಟ್ರೇ, ನಂಗೆ ತಲೆ ಸುತ್ತುತ್ತಿದೆ" ಎಂದಳಂತೆ. ಅವರು ಕ್ಷಮೆ ಕೇಳಿ, "ಸರಿ, ಹಾಗಿದ್ರೆ ನಿಲ್ಲಿಸಿ" ಎಂದರಂತೆ.

ಸೆಪ್ಟೆಂಬರ್ ಮಧ್ಯದಲ್ಲಿ ಬಂದೊ ದಂಡನ್ನೆಲ್ಲ ನನ್ನ ಅಂಗಡಿಯಲ್ಲಿ ಸೇರಿಸಿದ. ಕಾವಲಿಯ ಸುತ್ತ ಕೂತೆವು. ನಾನು ರೊಟ್ಟಿ ತಿರುವುತ್ತಿದ್ದೆ.

"ಸಾಕಾಯ್ತು," ಎಂದ ಬಂದೊ. "ನಾವು ಊದ್ತೀವಿ, ಬಡೀತೀವಿ, ಅವ್ರು ಅದನ್ನ ಕೇಳ್ಕೊಂಡು ಸೋಲ್ತಾರೆ. ನಾಳೆಯಿಂದ ಊದೋದೂ ಬೇಡ, ಬಡಿಯೋದೂ ಬೇಡ, ಹಾಡೋದೂ ಬೇಡ. ಹೋಗೋಣ, ಅಂಗಿ ಹಾಕ್ಕೊಂಡು ಕೂರೋಣ, ಬರೋಣ. ಒಂದೇ ಒಂದು ಆಟ ಗೆಲ್ಲಲಿ, ಆವತ್ತು ಶುರು ಮಾಡೋಣ. ಗೋರ್ಕಲ್ಲ ಮೇಲೆ ಎಷ್ಟು ದಿನ ಮಳೆ ಸುರಿಸೋದು?"

"ಒಂದು ಗೆಲುವೂ ಬರ್ದೇ ಹೋದ್ರೆ?" ಎಂದು ಅಂಚೆ ಕಚೇರಿಯವರು ಕೇಳಿದರು.

"ಬರುತ್ತೆ ಬಿಡ್ರೀ. ಎಂಥಾ ತಂಡಾನೂ ತಪ್ಪಿ ಒಂದಾದ್ರೂ ಗೆಲ್ಲುತ್ತೆ."

ನಮ್ಮ ದಂಡಿನ ಪದ್ಧತಿ ಏನೆಂದರೆ, ಎಲ್ಲರೂ ಒಪ್ಪಿದರೆ ಮಾತ್ರ ತೀರ್ಮಾನ. ಒಬ್ಬರು ಬೇಡವೆಂದರೂ ಇಲ್ಲ. ಹಾಗಾಗಿ ಯಾರೂ ಬೇಡವೆನ್ನುವುದಿಲ್ಲ. ಪಕ್ಕದವರ ಮುಖ ನೋಡುತ್ತೇವೆ, ಅವರು ನಮ್ಮ ಮುಖ ನೋಡುತ್ತಾರೆ, ಕೈಗಳು ಒಟ್ಟಿಗೆ ಮೇಲೇರುತ್ತವೆ. ಅವತ್ತೂ ಹಾಗೇ ಏರಿದವು. ಸೌಟು ಹಿಡಿದ ನನ್ನ ಕೈಯೂ ಏರಿತು. ಮೇಷ್ಟರ ಕೈ ಎಲ್ಲರಿಗಿಂತ ನೆಟ್ಟಗೆ ಇತ್ತು, ತಿರುವು ತೋರಿಸುವ ಸೈಕಲ್ ಸವಾರನ ಹಾಗೆ. ರೊಟ್ಟಿ ಸ್ವಲ್ಪ ಸೀದಿತು. ಅದನ್ನೇ ತಿಂದರು.

ಆಮೇಲೆ ಬಲಗಡೆ ಗ್ಯಾಲರಿ ಸುಮ್ಮನಾಯಿತು. ಪತ್ರಿಕೆಯವರು ಬಂದು ಫೋಟೋ ತೆಗೆದುಕೊಂಡು ಹೋದರು. ಮಿಕ್ಕ ಪ್ರೇಕ್ಷಕರೂ ನಮ್ಮನ್ನು ನೋಡಿ ಸುಮ್ಮನಾದರು. ತುತ್ತೂರಿ ಇಲ್ಲದಿದ್ದರೆ ಬೇಸ್‌ಬಾಲ್ ಎಷ್ಟು ಸಣ್ಣ ಆಟ ಎಂದು ನನಗೆ ಆಗ ಗೊತ್ತಾಯಿತು. ಚೆಂಡು ಕೈಗವಸಿಗೆ ಬೀಳುವ ಸದ್ದು, ಬಿಯರ್ ಮಾರುವ ಹುಡುಗಿಯರ ಕೂಗು, ಸ್ಟೇಷನ್ನಿನ ಗಂಟೆ, ಅಷ್ಟೇ. ಬೆಳ್ಳಕ್ಕಿಗಳು ಸೋಲುತ್ತಲೇ ಇದ್ದರು. ಮೇಷ್ಟರು ತುತ್ತೂರಿಯನ್ನು ದಿನವೂ ಒರೆಸಿ, ಚೀಲಕ್ಕೆ ಹಾಕಿ, ಜಿಪ್ ಎಳೆದು ತರುವರು. ಕಾಲಿನ ಬಳಿ ಇಡುವರು, ಆಟ ಮುಗಿದ ಮೇಲೆ ಎತ್ತಿಕೊಂಡು ಹೋಗುವರು.

ಆ ದಿನಗಳಲ್ಲೇ ನನ್ನ ಲೈಸೆನ್ಸಿನ ಅವಧಿ ಮುಗಿಯುತ್ತಿತ್ತು. ಎಪ್ಪತ್ತು ದಾಟಿದವರು ಮತ್ತೆ ಸ್ಕೂಲಿಗೆ ಹೋಗಿ ಮುದುಕರ ಪಾಠಕ್ಕೆ ಕೂರಬೇಕು. ಅದೇ ಕಾರು, ಅದೇ ಮೇಷ್ಟರು. ನಾನು ಸ್ಟೀರಿಂಗ್ ಹಿಡಿದು ಮೊದಲ ತಿರುವಿಗೇ ಕಲ್ಲಿನ ಅಂಚು ಹತ್ತಿಸಿದೆ. ಮೇಷ್ಟರ ಕಾಲು ಒತ್ತಿತು. "ಪರವಾಗಿಲ್ಲ ಕಿನು ಅಕ್ಕ," ಎಂದರು, ಧ್ವನಿ ಎಲ್ಲೋ ದೂರದಿಂದ ಬಂದ ಹಾಗಿತ್ತು. ಅಷ್ಟರಲ್ಲಿ ಬೇಲಿಯ ಆಚೆ ಒಬ್ಬ ಗಂಡಸು ಟೋಪಿ ಕೈಯಲ್ಲಿ ಹಿಡಿದು ಬಗ್ಗಿ ನಮಸ್ಕರಿಸಿದ. ತಾನೆಮುರಾ. ಹತ್ತಿರದಿಂದ ನೋಡಿದರೆ ಕಿವಿಯ ಬಳಿ ಕೂದಲು ನರೆತಿತ್ತು.

ಮೇಷ್ಟರು ಇಳಿದರು. ನಾನು ಕಿಟಕಿ ಇಳಿಸಿಕೊಂಡೆ, ಕೇಳಿಸಬೇಕಲ್ಲ.

"ಮೇಷ್ಟ್ರೇ, ಈ ವರ್ಷಕ್ಕೆ ಮುಗೀತು ನಂದು," ಎಂದ ತಾನೆಮುರಾ. "ನಾಳೆ ಪೇಪರ್‌ನಲ್ಲಿ ಬರುತ್ತೆ. ಅದಕ್ಕಿಂತ ಮುಂಚೆ ನಿಮ್ಗೆ ಹೇಳೋಣ ಅಂತ ಬಂದೆ."

"ಹಾಗಾ. ಬಹಳ ವರ್ಷ ದುಡಿದ್ರಿ."

"ಕೊನೆ ಭಾನುವಾರ ಕರಡಿಗಳ ತಂಡದ ಜೊತೆ ಆಟ ಇದೆಯಲ್ಲ, ಅವತ್ತು ಒಂದ್ಸಲ ಬ್ಯಾಟು ಕೊಟ್ಟು ಕಳಿಸ್ತೀನಿ ಅಂತ ಕೋಚ್ ಅಂದಿದಾರೆ." ಅವನು ಟೋಪಿಯ ಅಂಚನ್ನು ತಿರುವುತ್ತಿದ್ದ. "ನೀವೆಲ್ಲ ಯಾಕೆ ಊದ್ತಿಲ್ಲ ಅಂತ ನಮ್ಗೆ ಗೊತ್ತಿದೆ. ನಾವು ಆಡ್ತಿರೋ ರೀತಿಗೆ ಅದು ಸರಿಯಾಗೇ ಇದೆ. ಆದ್ರೂ... ಆ ಹಾಡು ಇನ್ನೊಂದ್ಸಲ ಕೇಳ್ಬೇಕು ಅನ್ಸುತ್ತೆ ಮೇಷ್ಟ್ರೇ. ಒಂದೇ ಸಲ."

"ಆಗ್ಲಿ," ಎಂದರು ಮೇಷ್ಟರು.

ತಾನೆಮುರಾ ಮತ್ತೆ ಬಗ್ಗಿ ನಮಸ್ಕರಿಸಿ ಹೋದ. ಮೇಷ್ಟರು ಕಾರಿನೊಳಗೆ ಬಂದು ಬೆಲ್ಟು ಹಾಕಿಕೊಂಡು, "ಹೊರಡಿ, ಮುಂದಿನ ಸಿಗ್ನಲ್‌ನಲ್ಲಿ ಎಡಕ್ಕೆ" ಎಂದರು.

"ಆಗ್ಲಿ ಅಂದ್ಬಿಟ್ರಲ್ಲ! ಅಷ್ಟರಲ್ಲಿ ಇವ್ರು ಗೆಲ್ದೇ ಹೋದ್ರೆ? ಬಂದೊಗೆ ಹೇಳ್ತೀರಾ?"

"ಪೇಪರ್‌ನಲ್ಲಿ ಬರುತ್ತಲ್ಲ ಅಕ್ಕ. ಎಲ್ರಿಗೂ ಗೊತ್ತಾಗುತ್ತೆ. ಅವ್ರೇ ಏನಾದ್ರೂ ಹೇಳ್ತಾರೆ."

ಪೇಪರಿನಲ್ಲಿ ಬಂತು, ಮೂಲೆಯಲ್ಲಿ, ಬೆರಳಗಲದ ಸುದ್ದಿ. ಎಲ್ಲರೂ ಓದಿದರು. ಯಾರೂ ಏನೂ ಹೇಳಲಿಲ್ಲ. ನಾನು ತಡೆಯಲಾರದೆ ಮೀನು ಮಾರುಕಟ್ಟೆಗೇ ಹೋದೆ. ಬಂದೊ ಗಾಡಿಯ ಮೇಲಿಂದಲೇ ಬಗ್ಗಿ ಕೇಳಿಸಿಕೊಂಡ.

"ನಂಗೂ ಗೊತ್ತು ಅಕ್ಕ. ನಂಗೂ ಅವ್ರು ಊದ್ಲಿ ಅಂತ್ಲೇ ಇದೆ. ಮೇಷ್ಟ್ರು ಒಂದು ಮಾತು ಕೇಳ್ಲಿ, ಅದೇ ನಿಮಿಷ ಬಿಡ್ತೀನಿ. ಅವ್ರು ಕೇಳ್ದೆ ನಾನೇ ಮುರಿದ್ರೆ ಮಿಕ್ಕೋರು ಏನಂತಾರೆ? 'ಇವನೇ ಕೈ ಎತ್ತಿಸ್ದ, ಇವನೇ ಇಳಿಸ್ದ' ಅನ್ನಲ್ವಾ?"

ಅಲ್ಲಿಂದ ಮೇಷ್ಟರ ಬಳಿ ಹೋದೆ. ಅವರು ಸ್ಕೂಲಿನ ಅಂಗಳದಲ್ಲಿ ಕಿತ್ತಳೆ ಬಣ್ಣದ ಕೋನುಗಳನ್ನು ಸಾಲಾಗಿ ಇಡುತ್ತಿದ್ದರು.

"ಬಂದೊ ನೀವು ಕೇಳ್ಲಿ ಅಂತ ಕಾಯ್ತಿದಾನೆ. ಒಂದ್ ಮಾತು ಕೇಳ್ರೀ!"

ಮೇಷ್ಟರು ಒಂದು ಕೋನನ್ನು ಸ್ವಲ್ಪ ಸರಿಸಿದರು. "ಕೈ ಎತ್ತಿದವರಲ್ಲಿ ನಾನೂ ಒಬ್ಬ ಅಲ್ವಾ ಅಕ್ಕ. ಕೆಂಪು ದೀಪ ಎಲ್ರಿಗೂ ಒಂದೇ. ನನ್ನ ಶಿಷ್ಯ ಬಂದ ಅಂತ ನನಗೊಬ್ಬನಿಗೆ ಹಸಿರು ಮಾಡಿ ಅಂತ ಹೇಗೆ ಕೇಳ್ಲಿ?"

"ಮತ್ತೆ ಆ ಹುಡುಗನಿಗೆ ಆಗ್ಲಿ ಅಂದಿದ್ದು?"

"ಅಷ್ಟರಲ್ಲಿ ಒಂದು ಗೆಲ್ತಾರೆ ಬಿಡಿ," ಎಂದರು. ಮುಖದಲ್ಲಿ ಆಸೆಯೂ ಇರಲಿಲ್ಲ, ನಿರಾಸೆಯೂ ಇರಲಿಲ್ಲ. ನನಗೆ ಅವರ ಮೇಲೆ ಸಿಟ್ಟು ಬಂತು, ಬಂದೊನ ಮೇಲೂ ಬಂತು. ಆ ಹೊತ್ತಿಗೆ ಸಿಟ್ಟು ಬರುವುದೇ ಒಂದು ದೊಡ್ಡ ಸಂಗತಿಯಾಗಿತ್ತು. ಮನೆಗೆ ಬರುವಷ್ಟರಲ್ಲಿ ಅದೂ ಆರಿಹೋಯಿತು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಎಲ್ಲರ ಕೈಯಲ್ಲೂ ಗಂಟೆ ಇತ್ತು.

ಗೆಲುವು ಬರಲೇ ಇಲ್ಲವೆಂದಲ್ಲ, ಬಾಗಿಲ ತನಕ ಬಂತು. ಕೊನೆಯ ಶನಿವಾರ ಎಂಟನೇ ಇನ್ನಿಂಗ್ಸ್ ಮುಗಿದಾಗ ನಾವು ಮುಂದಿದ್ದೆವು. ಬಂದೊ ಗಡ್ಡ ಕೆರೆದುಕೊಳ್ಳುತ್ತಾ ಎದ್ದು ನಿಂತ. ಮೇಷ್ಟರು ಚೀಲವನ್ನು ತೊಡೆಯ ಮೇಲೆ ಎತ್ತಿ ಇಟ್ಟುಕೊಂಡರು. ಕೊನೆಯ ಒಂಬತ್ತರಲ್ಲಿ ಚೆಂಡೆಸೆಯುವ ನಮ್ಮ ಪಿಚರ್ ಎರಡು ಔಟ್ ಮಾಡಿ, ಆಮೇಲೆ ಅಡ್ಡಾದಿಡ್ಡಿ ಎಸೆದು ನಾಲ್ಕು ಜನರಿಗೆ ಸಾಲಾಗಿ ಬಿಟ್ಟಿ ದಾರಿ ಬಿಟ್ಟುಕೊಟ್ಟ. ಆಮೇಲೆ ಬಂದವನು ಹೊಡೆದ. ಚೆಂಡು ನಮ್ಮ ಗ್ಯಾಲರಿಗೇ ಬಂದು ಬಿತ್ತು. ಮೇಷ್ಟರು ಚೀಲವನ್ನು ಕೆಳಗಿಟ್ಟರು. ಆ ಆಟವೂ ಹೋಯಿತು, ಎದ್ದು ಮನೆಗೆ ಹೋದೆವು.

ಭಾನುವಾರ ಮಧ್ಯಾಹ್ನದ ಆಟ. ಒಳ್ಳೆ ಬಿಸಿಲು, ಸಮುದ್ರದ ಗಾಳಿ. ನಮ್ಮದು ಕಡೆಯ ಸ್ಥಾನ, ಕರಡಿಗಳದು ಅದರ ಮೇಲಿನದು, ಯಾರಿಗೂ ಏನೂ ದಕ್ಕುವುದಿಲ್ಲ. ಎಡಗಡೆ ಗ್ಯಾಲರಿಯಲ್ಲಿ ಕರಡಿಗಳ ಜನ ಒಂದು ಬಸ್ಸಿಗಾಗುವಷ್ಟು ಕೂತಿದ್ದರು. ಅವರೂ ಪಾಪ ಬಡಕಲು ತಂಡದವರೇ, ಆದರೆ ಊದುತ್ತಿದ್ದರು. ಎರಡು ತುತ್ತೂರಿ, ಅದರಲ್ಲಿ ಒಂದು ಸೀಳು. ನಮ್ಮ ಕಡೆ ಜನ ಅವರಿಗಿಂತ ಎಷ್ಟೋ ಹೆಚ್ಚು, ಸದ್ದು ಮಾತ್ರ ಇಲ್ಲ.

ಮೇಷ್ಟರು ಗಡ್ಡ ನುಣ್ಣಗೆ ಬೋಳಿಸಿಕೊಂಡು, ಇಸ್ತ್ರಿ ಮಾಡಿದ ದಂಡಿನ ಅಂಗಿ ಹಾಕಿಕೊಂಡು ಬಂದಿದ್ದರು. ಚೀಲ ಕಾಲಿನ ಬಳಿ. ಬಂದೊ ಎರಡು ಸಾಲು ಕೆಳಗೆ ಕೂತಿದ್ದ. ಪ್ರತಿ ಇನ್ನಿಂಗ್ಸಿಗೂ ಒಮ್ಮೆ ಹಿಂದೆ ತಿರುಗಿ ಮೇಷ್ಟರನ್ನು ನೋಡುವನು. ಮೇಷ್ಟರು ತಲೆ ಬಗ್ಗಿಸಿ ಸಣ್ಣ ನಮಸ್ಕಾರ ಮಾಡುವರು. ಅವನೂ ಮಾಡುವನು, ಮುಂದಕ್ಕೆ ತಿರುಗುವನು.

"ಇಬ್ರಿಗೂ ಬಾಯಿ ಅನ್ನೋದು ರೊಟ್ಟಿ ತಿನ್ನಕ್ಕೆ ಮಾತ್ರ ಇರೋದಾ?" ಎಂದು ನಾನು ಕೇಳಿದೆ. ಸುತ್ತಲಿದ್ದವರಿಗೆಲ್ಲ ಕೇಳಿಸಿತು. ಎಲ್ಲರೂ ಮೈದಾನವನ್ನೇ ನೋಡುತ್ತಿದ್ದರು.

ಒಂಬತ್ತನೇ, ಕೊನೆಯ ಇನ್ನಿಂಗ್ಸ್. ನಾವು ಏಳು ರನ್ ಹಿಂದೆ. ಎರಡು ಔಟ್ ಆಗಿದ್ದವು, ಇನ್ನೊಂದಾದರೆ ಆಟ ಮುಗಿಯಿತು. ಧ್ವನಿವರ್ಧಕದಲ್ಲಿ ಹುಡುಗಿಯೊಬ್ಬಳು ತಾನೆಮುರಾನ ಹೆಸರು ಕರೆದಳು.

ಅವನು ಬ್ಯಾಟು ಹಿಡಿದು ಬಂದ. ಟೋಪಿ ಸರಿಮಾಡಿಕೊಂಡ. ಬಲಕ್ಕೆ ನೋಡಿದ. ನಾವು ಅಷ್ಟೂ ಜನ ಅವನನ್ನು ನೋಡುತ್ತಾ ಕೂತಿದ್ದೆವು. ಎಡಕ್ಕೆ ನೋಡಿದ.

ಎಡಗಡೆಯಿಂದ ತುತ್ತೂರಿ ಕೇಳಿಸಿತು.

ಮೊದಲು ನನಗೆ ಅರ್ಥವೇ ಆಗಲಿಲ್ಲ. ಬ್ಯಾಟು ನಮ್ಮದು, ಅವರು ಸುಮ್ಮನಿರಬೇಕಾದ ಹೊತ್ತು. ಕರಡಿಗಳ ಬಸ್ಸಿನಷ್ಟು ಜನ ಎದ್ದು ನಿಂತಿದ್ದರು. ಬಲಕ್ಕೆ ನೋಡು, ಎಡಕ್ಕೆ ನೋಡು. ಇಷ್ಟು ವರ್ಷ ಎದುರಿನಿಂದ ಕೇಳಿ ಕೇಳಿ ಅವರಿಗೂ ಬಾಯಿಪಾಠವಾಗಿತ್ತು. ಎದುರು ತಂಡದ ಹಿರಿಯ ಬಿಟ್ಟು ಹೋಗುವಾಗ ಒಂದು ಹಾಡು ಊದಿ ಕಳಿಸುವುದು ಮರ್ಯಾದೆ. ಅದು ನಮ್ಮ ತುತ್ತೂರಿಯ ಜೊತೆ ಸೇರಿ ಊದುವ ಮರ್ಯಾದೆ. ನಮ್ಮದು ಇಲ್ಲದ ಕಡೆ ಅವರದೊಂದೇ ಕೇಳಿಸಿತು. ಕೊನೆಯ "ಓಡು" ಮೇಲೆ ಹೋಗಬೇಕಾದದ್ದು ಸೀಳಿ ಕೆಳಗೆ ಬಿತ್ತು.

ತಾನೆಮುರಾ ಅವರ ಕಡೆ ಟೋಪಿ ಮುಟ್ಟಿ ನಮಸ್ಕರಿಸಿದ. ಆಮೇಲೆ ಮತ್ತೆ ಬಲಕ್ಕೆ ತಿರುಗಿದ.

ಮೇಷ್ಟರು ಜಿಪ್ ಎಳೆದರು, ತುತ್ತೂರಿ ಹೊರಬಂತು. ಅವರು ಬಂದೊನನ್ನು ನೋಡಿದರು. ಬಂದೊ ಎದ್ದು ನಿಂತು ಮೇಷ್ಟರನ್ನು ನೋಡುತ್ತಿದ್ದ, ಬಾಯಿ ತೆರೆದಿತ್ತು. ಅಂಚೆ ಕಚೇರಿಯವರು ಬಂದೊನನ್ನು ನೋಡಿದರು. ನಾನು ಕೋಲು ಎತ್ತಿ ಹಿಡಿದು ಮೇಷ್ಟರನ್ನು ನೋಡಿದೆ, ಅವರು ಊದಿದರೆ ಬಡಿಯೋಣವೆಂದು. ಒಬ್ಬರ ಮುಖ ಒಬ್ಬರು ನೋಡುತ್ತಿರುವಾಗಲೇ ಒಂದು ಚೆಂಡು ಹೋಯಿತು, ಇನ್ನೊಂದು ಹೋಯಿತು. ಮೂರನೆಯದು ಬ್ಯಾಟಿಗೆ ತಗುಲಿ ನೆಲದ ಮೇಲೆ ಉರುಳಿತು. ತಾನೆಮುರಾ ಓಡಿದ. ಇನ್ನೂ ಹದಿನೆಂಟರ ಹುಡುಗನ ಹಾಗೆ ತಲೆ ತಗ್ಗಿಸಿ ಓಡಿದ. ಒಂದು ಹೆಜ್ಜೆ ಸಾಲಲಿಲ್ಲ. ಔಟ್.

ಮೇಷ್ಟರ ತುತ್ತೂರಿ ತುಟಿಗೆ ತಾಗಿಯೇ ಇತ್ತು. ಆಟ ಮುಗಿದಿತ್ತು, ಬ್ಯಾಟು ಹಿಡಿಯುವವರು ಯಾರೂ ಇರಲಿಲ್ಲ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ ಈಗ ಬಂದೊ, "ಊದಿ ಮೇಷ್ಟ್ರೇ..." ಎಂದ. ಅರ್ಧಕ್ಕೇ ನಿಲ್ಲಿಸಿ ಟೋಪಿಯನ್ನು ಮುಖಕ್ಕೆ ಒತ್ತಿಕೊಂಡ. ಎದುರಿನಿಂದ ಸಣ್ಣ ಚಪ್ಪಾಳೆ ಕೇಳಿಸುತ್ತಿತ್ತು.

ಗ್ಯಾಲರಿ ಖಾಲಿಯಾದ ಮೇಲೆ ಮೇಷ್ಟರು, ತುತ್ತೂರಿಯನ್ನು ಚೀಲಕ್ಕೂ ಹಾಕದೆ, ಮೈದಾನ ಸುತ್ತಿ ಎಡಗಡೆಯ ಬಾಗಿಲಿಗೆ ಹೋದರು. ನಾನೂ ಹಿಂದೆಯೇ ಹೋದೆ. ಕರಡಿಗಳ ಜನ ಬಸ್ಸು ಹತ್ತುತ್ತಿದ್ದರು. ಮೇಷ್ಟರು ಸೊಂಟ ಬಗ್ಗಿಸಿ ನಿಂತರು, ಬಹಳ ಹೊತ್ತು ಏಳಲಿಲ್ಲ. ಸೀಳು ತುತ್ತೂರಿಯ ಯಜಮಾನ, ದಪ್ಪಗಿನ ಗಂಡಸು, ಗಾಬರಿಯಾಗಿ ತಾನೂ ಬಗ್ಗಿದ.

"ನೀವೇ ಅಲ್ವಾ ಕಟ್ಟಿದ್ದು? ತಪ್ಪು ತಿಳ್ಕೋಬೇಡಿ ಮೇಷ್ಟ್ರೇ. ನೀವು ಊದ್ತೀರಿ, ಜೊತೆಗೆ ನಾವೂ ಸೇರ್ಕೊಳ್ಳೋಣ ಅಂದ್ಕೊಂಡು ಶುರು ಮಾಡಿದ್ವಿ. ಕೊನೇದು ಸರಿ ಬಂತಾ?"

"ಸರಿಯಾಗೇ ಬಂತು," ಎಂದರು ಮೇಷ್ಟರು.

ಅಲ್ಲಿಂದ ಮನೆಗೆ ಹೋಗಬೇಕಾದರೆ ಆಟಗಾರರ ಕಾರುಗಳು ಹೊರಬರುವ ಗೇಟನ್ನು ದಾಟಬೇಕು. ನಾವು ದಾಟಿ ಆಚೆಯ ಫುಟ್‌ಪಾತಿಗೆ ಬಂದ ಹೊತ್ತಿಗೆ ಹಿಂದೆ ಒಂದು ಕಾರು ಬಂದು ನಿಂತಿತು. ಹಳೆಯ ಬಿಳಿ ಕಾರು. ಒಳಗೆ ತಾನೆಮುರಾ ಒಬ್ಬನೇ, ಪಕ್ಕದ ಸೀಟಿನಲ್ಲಿ ಹೂವಿನ ಗುಚ್ಛ. ರಸ್ತೆಗೆ ಇಳಿಯುವ ಮುಂಚೆ ಅವನು ಬಲಕ್ಕೆ ನೋಡಿದ. ನಾವಿದ್ದದ್ದು ಅದೇ ಬಲಗಡೆ, ನಾನು ಮತ್ತು ಹೊಳೆಯುವ ತುತ್ತೂರಿ ಹಿಡಿದ ಮೇಷ್ಟರು. ಅವನು ಎಡಕ್ಕೆ ನೋಡಿದ. ಮತ್ತೆ ಬಲಕ್ಕೆ ನೋಡಿದ. ರಸ್ತೆಯಲ್ಲಿ ಒಂದು ಸೈಕಲ್ಲೂ ಇರಲಿಲ್ಲ, ಆದರೂ ಅವನು ಹಾಗೇ ನೋಡುತ್ತಿದ್ದ.

"ಊದಿ ಮೇಷ್ಟ್ರೇ!" ನಾನು ಅವರ ಮೊಣಕೈ ತಿವಿದೆ. "ಈಗ್ಲಾದ್ರೂ ಊದಿ! ಇಲ್ಲಿ ಯಾವ ದಂಡೂ ಇಲ್ಲ, ಯಾರ ಕೈಯೂ ಇಲ್ಲ!"

ಮೇಷ್ಟರು ತುತ್ತೂರಿಯನ್ನು ಕೆಳಗಿಳಿಸಿ ತೊಡೆಗೆ ಒರಗಿಸಿಕೊಂಡರು.

"ಗಾಡಿ ಓಡಿಸೋರ ಗಮನ ಕೆಡಿಸ್ಬಾರ್ದು ಕಿನು ಅಕ್ಕ," ಎಂದರು. ಆಮೇಲೆ ಸ್ಕೂಲಿನ ಅದೇ ಮೆಲುದನಿಯಲ್ಲಿ, ನನಗೂ ಕೇಳಿಸಿತೋ ಇಲ್ಲವೋ ಎನ್ನುವ ಹಾಗೆ, "ದಾರಿ ಖಾಲಿ ಇದೆ. ಈಗ ಹೋಗಿ" ಎಂದರು.

ಕಾರು ಇಂಡಿಕೇಟರ್ ಹಾಕಿ ಎಡಕ್ಕೆ ತಿರುಗಿ ಹೊರಟಿತು. ನಾನು ಏನೋ ಹೇಳಲು ಹೋಗಿ ಕೆಳಗೆ ನೋಡಿದೆ. ಮೇಷ್ಟರ ಬಲಗಾಲು ಫುಟ್‌ಪಾತಿನ ಕಲ್ಲನ್ನು ಬಲವಾಗಿ ಒತ್ತಿ ಹಿಡಿದಿತ್ತು. ಕಾರು ಸೇತುವೆ ದಾಟಿ ಮರೆಯಾದ ಮೇಲೂ ಅದನ್ನು ಅವರು ಎತ್ತಲಿಲ್ಲ.